ಪಾನ್ಯಾಂಗಜ್ಜಿಯ ಸಾವಿಗೆ ಇಬ್ಬರು ಉಮೇದುವಾರರು

ಸಾನ್ ಗೌದೆನ್ಸಿಯೊ ಊರಿನಲ್ಲಿ ಯಾರೇ ಸತ್ತರೂ ಸುದ್ದಿ ಪಾದ್ರಿಗಿಂತ ಮೊದಲು ಪ್ಲಾಸಿದೊ ಪುಲುಂಬಾರಿತ್‌ನಿಗೆ ಮುಟ್ಟುತ್ತಿತ್ತು. ಪುರಭವನದ ಸಂಬಳದ ಪಟ್ಟಿಯಲ್ಲಿ ಅವನ ಹುದ್ದೆಗೆ ‘ಸಮಾಜ ಸಂಪರ್ಕ ಸಹಾಯಕ’ ಎಂಬ ಘನವಾದ ಹೆಸರಿತ್ತು. ಮಾಡುತ್ತಿದ್ದ ಕೆಲಸ ಮಾತ್ರ ಒಂದೇ: ಮೇಯರ್ ದೋನ್ ಎವಾರಿಸ್ತೊ ಬಾಲ್ದೆಮೊರೊ ಅವರ ಪರವಾಗಿ ಸಾವಿನ ಮನೆಗೆ ಹೋಗಿ ಬರುವುದು. ಮೂರು ಕಾಲಿನ ಹೂವಿನ ಚಕ್ರವನ್ನು ಶವಪೆಟ್ಟಿಗೆಯ ತಲೆಯ ಕಡೆ, ಅದರ ಪಟ್ಟಿಯ ಮೇಲಿನ ಬಾಲ್ದೆಮೊರೊ ಹೆಸರು ಬಾಗಿಲಲ್ಲಿ ಬರುವವರಿಗೆಲ್ಲ ಕಾಣುವಂತೆ ನಿಲ್ಲಿಸಬೇಕು. ಸತ್ತವರ ಹತ್ತಿರದವರ ಎರಡೂ ಕೈ ಹಿಡಿದು, “ಮೇಯರ್ ಸಾಹೇಬ್ರು ಊಟ ಬಿಟ್ಟು ಕೂತಿದ್ದಾರೆ” ಎನ್ನಬೇಕು. ಲಕೋಟೆಯನ್ನು ಯಾರಿಗೂ ಕಾಣದ ಹಾಗೆ, ಆದರೆ ಎಲ್ಲರಿಗೂ ಗೊತ್ತಾಗುವ ಹಾಗೆ ಕೊಡಬೇಕು. ಆಮೇಲೆ ಒಂದು ಕಾಫಿ, ಎರಡು ಬಿಸ್ಕತ್ತು, ಒಂದು ಹದವಾದ ಅಳು. ಇಪ್ಪತ್ತೆರಡು ವರ್ಷಗಳಿಂದ ಪ್ಲಾಸಿದೊ ಇದನ್ನು ಯಾವ ಲೋಪವೂ ಇಲ್ಲದೆ ಮಾಡಿಕೊಂಡು ಬಂದಿದ್ದ. ಅವನ ಕಣ್ಣೀರು ಕೆನ್ನೆಯ ಅರ್ಧದವರೆಗೆ ಇಳಿದು ಅಲ್ಲಿಗೇ ನಿಲ್ಲುತ್ತಿತ್ತು. ಮನೆಯವರಿಗಿಂತ ಹೆಚ್ಚು ಅತ್ತು ಅವರನ್ನು ಮುಜುಗರಕ್ಕೆ ಸಿಕ್ಕಿಸಿದವನಲ್ಲ.

ಬಾಲ್ದೆಮೊರೊಗಳು ಆ ಊರನ್ನು ಆಳಲು ಶುರುಮಾಡಿ ಮೂವತ್ತಾರು ವರ್ಷಗಳಾಗಿದ್ದವು. ಒಬ್ಬರು ಸತತವಾಗಿ ಮೂರು ಬಾರಿಗಿಂತ ಹೆಚ್ಚು ಮೇಯರ್ ಆಗಬಾರದೆಂದು ಕಾನೂನಿತ್ತು. ಕಾನೂನಿಗೆ ಅವರು ತುಂಬ ಮರ್ಯಾದೆ ಕೊಡುತ್ತಿದ್ದರು. ದೋನ್ ಎವಾರಿಸ್ತೊ ಒಂಬತ್ತು ವರ್ಷ ಆಳಿ ಹೆಂಡತಿಗೆ ಕುರ್ಚಿ ಬಿಟ್ಟುಕೊಟ್ಟರು. ಆಕೆ ಒಂಬತ್ತು ವರ್ಷ ಆಳಿ ಗಂಡನಿಗೆ ಬಿಟ್ಟುಕೊಟ್ಟರು. ನಡುವೆ ಅವರ ತಮ್ಮನೊಬ್ಬ ಒಂಬತ್ತು ವರ್ಷ ಅದನ್ನು ಬೆಚ್ಚಗಿಟ್ಟುಕೊಂಡಿದ್ದ. ಈಗ ಹೆಂಡತಿ ಇರಲಿಲ್ಲ, ತಮ್ಮನೂ ಇರಲಿಲ್ಲ, ದೋನ್ ಎವಾರಿಸ್ತೊಗೆ ಎಂಬತ್ತಾಗಿತ್ತು, ಮೂರನೆಯ ಅವಧಿಯೂ ಮುಗಿಯುತ್ತಿತ್ತು. ಉಳಿದವರು ಇಬ್ಬರು ಮಕ್ಕಳು. ಮಗ ಬುಬೊಯ್, ಉಪಮೇಯರ್. ಐವತ್ತು ದಾಟಿದ್ದರೂ ಊರೆಲ್ಲ ಅವನನ್ನು ಕರೆಯುತ್ತಿದ್ದುದು ಮಗುವಿನ ಹೆಸರಿನಿಂದಲೇ. ಅವನಿಗಿಂತ ದೊಡ್ಡವಳು ಮಗಳು ಪೆರ್ಲಿತಾ, ಪ್ರಾಂತ್ಯದ ಸಭೆಯ ಸದಸ್ಯೆ. ಇಬ್ಬರೂ ಮೇಯರ್ ಸ್ಥಾನಕ್ಕೆ ಅರ್ಜಿ ಹಾಕಿದರು. ಯಾರು ಹಿಂದೆ ಸರಿಯಬೇಕೆಂದು ಕೇಳಿದಾಗಲೆಲ್ಲ ತಂದೆಗೆ ಕಿವಿ ಕೇಳಿಸುತ್ತಿರಲಿಲ್ಲ.

ಹೀಗಾಗಿ ಆ ವರ್ಷ ಜನವರಿಯಿಂದ ಪ್ರತಿ ಹೆಣಕ್ಕೂ ಎರಡು ಹೂವಿನ ಚಕ್ರ ಬರತೊಡಗಿದವು. ಬುಬೊಯ್‌ನದು ಹಸಿರು ಪಟ್ಟಿ, ಪೆರ್ಲಿತಾಳದು ಕಿತ್ತಳೆ. ಎರಡನ್ನೂ ಹೊರಬೇಕಾದವನು ಪ್ಲಾಸಿದೊ ಒಬ್ಬನೇ, ಏಕೆಂದರೆ ಈ ವಿದ್ಯೆ ಬಲ್ಲವನು ಇನ್ನೊಬ್ಬನಿರಲಿಲ್ಲ. ಬಲಗೈಯಲ್ಲೊಂದು ಎಡಗೈಯಲ್ಲೊಂದು ಹಿಡಿದು ಒಳಗೆ ಬಂದು, ಮೊದಲು ತಮ್ಮನ ಪರವಾಗಿ ಅತ್ತು, ಹೊರಗೆ ಹೋಗಿ ಮೂಗು ಒರೆಸಿಕೊಂಡು, ಮತ್ತೆ ಬಂದು ಅಕ್ಕನ ಪರವಾಗಿ ಅಳುತ್ತಿದ್ದ.

“ಯಾವ ಅಳು ಯಾರದು ಅಂತ ಗೊತ್ತಾಗೋದು ಹೇಗಪ್ಪಾ?” ಎಂದು ಒಬ್ಬ ವಿಧವೆ ಕೇಳಿಯೇಬಿಟ್ಟಳು.

“ಬಿಕ್ಕೋದು ಮೇಡಂದು, ಬಿಕ್ಕದೇ ಇರೋದು ಸಾಹೇಬ್ರದು ಕಣಮ್ಮ,” ಎಂದ ಪ್ಲಾಸಿದೊ, ತಮಾಷೆಯಿಲ್ಲದೆ.

ಅವನ ಮನೆ ಇದ್ದುದು ಇಬಾಯೊದಲ್ಲಿ, ಎಂದರೆ ಹೊಳೆಯಾಚೆಯ ಕೇರಿಯಲ್ಲಿ. ಮನೆಯಲ್ಲಿ ಅವನು, ಅವನ ತಾಯಿ. ತಾಯಿ ಎಪಿಫಾನಿಯಾಗೆ ತೊಂಬತ್ತೊಂದು, ಊರಿಗೆಲ್ಲ ಪಾನ್ಯಾಂಗಜ್ಜಿ. ಅರವತ್ತು ವರ್ಷ ಸೂಲಗಿತ್ತಿಯಾಗಿದ್ದವಳು. ಊರಲ್ಲಿ ಮೂವತ್ತು ದಾಟಿದ ಮುಕ್ಕಾಲು ಪಾಲು ಜನ ಅವಳ ಕೈಗೇ ಬಿದ್ದವರು. ಬುಬೊಯ್, ಪೆರ್ಲಿತಾ ಕೂಡ.

ಜನವರಿಯ ಕೊನೆಗೆ ಅಜ್ಜಿಗೆ ಕೆಮ್ಮು ಹತ್ತಿ ಎದೆ ಕಟ್ಟಿತು. ತೆಪ್ಪದ ಮೇಲೆ ಮಲಗಿಸಿ, ಹಗ್ಗ ಎಳೆದು ಹೊಳೆ ದಾಟಿಸಿ ಆಸ್ಪತ್ರೆಗೆ ಸೇರಿಸಿದರು. ಮಧ್ಯಾಹ್ನದ ಹೊತ್ತಿಗೆ ಬುಬೊಯ್ ಬಂದ. ಹಿಂದೆ ನಾಲ್ವರು, ಮುಂದೆ ಒಬ್ಬ ಕ್ಯಾಮರಾದವನು. ಅಜ್ಜಿಯ ಕೈ ಹಿಡಿದುಕೊಂಡು ಚಿತ್ರ ತೆಗೆಸಿಕೊಂಡ ಮೇಲೆ ಪ್ಲಾಸಿದೊನನ್ನು ಪಡಸಾಲೆಗೆ ಕರೆದ.

“ಏನಂತಾರೆ ಡಾಕ್ಟ್ರು? ಇನ್ನೆಷ್ಟು ದಿನ?”

“ಇನ್ನೊಂದು ವಾರಕ್ಕೆ ಮನೆಗೆ ಕಳಿಸ್ತೀವಿ ಅಂದಿದ್ದಾರೆ ಸಾರ್.”

“ಅದಲ್ಲಯ್ಯಾ. ನಾನು ಕೇಳಿದ್ದು ಆ ಮನೆ ಅಲ್ಲ.”

ಪ್ಲಾಸಿದೊಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅಷ್ಟರಲ್ಲಿ ಬುಬೊಯ್ ಅವನ ಭುಜ ತಟ್ಟಿ, “ಹೆದರ್ಬೇಡ. ಎಲ್ಲಾ ನಂದೇ ಖರ್ಚು. ಒಂಬತ್ತು ದಿನದ ಪ್ರಾರ್ಥನೆಗೂ ಊರಿಗೇ ಊಟ. ಆದ್ರೆ ನೋಡು, ಏಪ್ರಿಲ್ ಕೊನೇಲಿ ಆದ್ರೆ ಎಲ್ಲರಿಗೂ ಅನುಕೂಲ,” ಎಂದು ಹೇಳಿ ಹೊರಟುಹೋದ. ಮತದಾನ ಮೇ ತಿಂಗಳ ಎರಡನೆಯ ಸೋಮವಾರವಿತ್ತು.

ಸಂಜೆ ಪೆರ್ಲಿತಾ ಬಂದಳು. ಆಕೆ ತಮ್ಮನಷ್ಟು ಒರಟಲ್ಲ. ಹಣ್ಣಿನ ಬುಟ್ಟಿ ಇಟ್ಟು, ಅಜ್ಜಿಯ ಹಣೆ ಮುಟ್ಟಿ, ಪ್ಲಾಸಿದೊನ ಹತ್ತಿರ ಮೆಲ್ಲಗೆ ಕೇಳಿದಳು: “ಅಜ್ಜಿಗೆ ಕಿತ್ತಳೆ ಬಣ್ಣ ಒಪ್ಪುತ್ತಲ್ವಾ ಪ್ಲಾಸಿದೊ? ಪೆಟ್ಟಿಗೆ ಒಳಗಿನ ಬಟ್ಟೆಗೆ ಕೇಳ್ತಿದ್ದೀನಿ. ತಪ್ಪು ತಿಳ್ಕೋಬೇಡ, ಪ್ರೀತಿಗೆ ಕೇಳಿದ್ದು.”

ಮರುದಿನ ಹೂವಿನ ಚಕ್ರದ ಪಟ್ಟಿ ಬರೆಸಲು ಫ್ಲೆಕ್ಸ್ ಅಂಗಡಿಗೆ ಹೋದಾಗ, ಅಂಗಡಿಯ ದಿಯೊನಿಸಿಯಾ ಅವನನ್ನು ಕಂಡು ಖುಷಿಯಾದಳು.

“ಬಂದ್ಯಾ, ಒಳ್ಳೇದಾಯ್ತು. ಹುಟ್ಟಿದ ತಾರೀಖು ಕೊಟ್ಟಿದ್ದಾರೆ, ಇನ್ನೊಂದು ತಾರೀಖು ಕೊಟ್ಟೇ ಇಲ್ಲ. ಜಾಗ ಬಿಟ್ಟು ಪ್ರಿಂಟ್ ಹೊಡೀಲಾ, ಆಮೇಲೆ ಅಂಟಿಸ್ಕೋತಾರಾ?”

ಮೇಜಿನ ಮೇಲೆ ಹಾಸಿದ್ದ ಫ್ಲೆಕ್ಸ್‌ನಲ್ಲಿ ಬುಬೊಯ್ ಆಳೆತ್ತರಕ್ಕೆ ಎದೆಯ ಮೇಲೆ ಕೈಯಿಟ್ಟು ನಿಂತಿದ್ದ. ಮೂಲೆಯಲ್ಲಿ, ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾಗಿ ಪಾನ್ಯಾಂಗಜ್ಜಿ. ‘ನಮ್ಮೆಲ್ಲರನ್ನೂ ಈ ಲೋಕಕ್ಕೆ ಬರಮಾಡಿಕೊಂಡ ತಾಯಿಗೆ ಕೊನೆಯ ನಮನ. ನಿಮ್ಮ ಮುಂದಿನ ಮೇಯರ್ ಬುಬೊಯ್.’ ಚಿತ್ರದಲ್ಲಿ ಅಜ್ಜಿ ನಗುತ್ತಿದ್ದಳು. ಅದು ಹಿಂದಿನ ದಿನ ಆಸ್ಪತ್ರೆಯಲ್ಲಿ ತೆಗೆದ ಚಿತ್ರ. ಹಿಡಿದ ಕೈಯನ್ನು ಮಾತ್ರ ಕತ್ತರಿಸಿದ್ದರು.

ಪ್ಲಾಸಿದೊ ಪಟ್ಟಿ ಬರೆಸುವುದನ್ನು ಮರೆತು ಹೊರಗೆ ಬಂದ. ಆಸ್ಪತ್ರೆಗೆ ಹೋದರೆ ಅಜ್ಜಿ ಎದ್ದು ಕೂತು ಪೆರ್ಲಿತಾ ತಂದ ಮಾವಿನಹಣ್ಣು ತಿನ್ನುತ್ತಿದ್ದಳು.

“ಯಾಕೋ ಸಿದೊ, ಮುಖ ಹಿಂಗ್ ಮಾಡ್ಕೊಂಡಿದ್ದೀಯ? ಇವತ್ತು ಯಾರು ಸತ್ರು?”

“ಯಾರೂ ಇಲ್ಲಮ್ಮ.”

“ಮತ್ತೆ? ಸುಳ್ಳು ಹೇಳ್ಬೇಡ. ಸುಳ್ಳು ಹೇಳೋದು ನಿನ್ನ ಕೆಲಸ ಇರ್ಬಹುದು, ನನ್ನ ಹತ್ರ ಬೇಡ.”

ಅವನು ಹೇಳಿದ. ಏಪ್ರಿಲ್ ಕೊನೆಯದನ್ನೂ, ಕಿತ್ತಳೆ ಬಟ್ಟೆಯನ್ನೂ, ಖಾಲಿ ಬಿಟ್ಟ ತಾರೀಖನ್ನೂ. ಅಜ್ಜಿ ನಗಲು ಶುರುಮಾಡಿದವಳು ಕೆಮ್ಮು ಬಂದು ನರ್ಸ್ ಓಡಿಬರುವವರೆಗೂ ನಿಲ್ಲಿಸಲಿಲ್ಲ.

“ಅಯ್ಯೋ ಆ ಬುಬೊಯ್! ಹುಟ್ಟೋವಾಗ್ಲೂ ಅಷ್ಟೇ, ಅಂಡು ಮುಂದಾಗಿ ಬಂದಿದ್ದ. ಎಲ್ಲಿಂದ ಹೊರಗೆ ಬರ್ಬೇಕು ಅಂತ ಇವತ್ತಿಗೂ ಗೊತ್ತಿಲ್ಲ ಅವನಿಗೆ.” ಕಣ್ಣೊರೆಸಿಕೊಂಡಳು. “ಇಬ್ರನ್ನೂ ಕಳಿಸು. ಒಟ್ಟಿಗೆ ಬೇಡ. ಒಬ್ಬೊಬ್ರಾಗಿ.”

“ಏನು ಮಾತಾಡ್ತೀಯಮ್ಮ ಅವರ ಹತ್ರ?”

“ಸೇತುವೆ.”

ಇಬಾಯೊದ ಹೊಳೆಗೆ ಬಾಲ್ದೆಮೊರೊ ಸೇತುವೆ ಎಂಬುದೊಂದು ಇತ್ತು. ಅದಕ್ಕೆ ಮೂರು ಬಾರಿ ಉದ್ಘಾಟನೆ ಆಗಿತ್ತು. ದಡದಲ್ಲಿ ಮೂರು ಕಲ್ಲುಗಳೂ, ಒಂದು ಭರ್ಜರಿ ಕಮಾನೂ ಇದ್ದವು. ಸೇತುವೆ ಮಾತ್ರ ಇರಲಿಲ್ಲ. ಕಮಾನಿನ ಕೆಳಗೆ ಹಾದುಹೋದರೆ ನೇರವಾಗಿ ನೀರಿಗೆ ಬೀಳಬಹುದಿತ್ತು.

“ಬೇಡಮ್ಮ,” ಎಂದ ಪ್ಲಾಸಿದೊ. “ದೊಡ್ಡವರ ಮುಂದೆ ಅದನ್ನೆಲ್ಲ ತೆಗೀಬೇಡ. ಅವರ ಋಣದಲ್ಲಿದ್ದೀವಿ.”

ಅಜ್ಜಿ ಮಾವಿನ ಓಟೆಯನ್ನು ತಟ್ಟೆಗೆ ಹಾಕಿದಳು. “ಯಾವ ಋಣ? ನಿನ್ನ ಹೆಂಡ್ತಿ ಸೊಲೆದಾದ್‌ಗೆ ನೋವು ಬಂದಾಗ ಗಾಳಿಮಳೆ. ಮಗು ಅಡ್ಡ ತಿರುಗಿತ್ತು. ನನ್ನ ಕೈಲಿ ಆಗಲ್ಲ, ಡಾಕ್ಟ್ರ ಹತ್ರ ಕರ್ಕೊಂಡೋಗು ಅಂದೆ. ನೀನು ಆ ಕಮಾನಿನ ಕೆಳಗೆ ಅವಳನ್ನ ಎತ್ಕೊಂಡು ಬೆಳಗಿಂದ ಮಧ್ಯಾಹ್ನದವರೆಗೂ ನಿಂತಿದ್ದೆ, ತೆಪ್ಪ ಬಿಡೋಕಾಗ್ಲಿಲ್ಲ. ಎರಡು ಜೀವ ಹೋಯ್ತು. ಮಾರನೇ ದಿನ ಎವಾರಿಸ್ತೊ ಹೂವಿನ ಚಕ್ರ ತಂದು, ನಿನ್ನ ಕೈ ಹಿಡಿದು ಅತ್ತ. ನೀನೂ ಅತ್ತೆ. ಎಷ್ಟು ಚೆನ್ನಾಗಿ ಅಳ್ತಾನಪ್ಪ ಅಂತ ಕೆಲಸ ಕೊಟ್ಟ. ಅದಾ ಋಣ?”

ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಈ ಮಾತು ಆಡಿರಲಿಲ್ಲ. ಅವನೂ ಆಡಲು ಬಿಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ ಇಬ್ಬರಿಗೂ ಹೇಳಿಬಂದ.

ಅಜ್ಜಿ ಇಬ್ಬರಿಗೂ ಒಂದೇ ಮಾತು ಹೇಳಿದಳು, ಸ್ವರ ಮಾತ್ರ ಬೇರೆ. ಬುಬೊಯ್‌ಗೆ ಗದರಿಸಿ, ಪೆರ್ಲಿತಾಳಿಗೆ ಕೊರಗಿ.

“ನೋಡಪ್ಪಾ, ನಂಗೆ ಹೊತ್ತು ಬಂತು. ನನ್ನ ಹೆಣ ನಿನ್ನದೇ, ಒಂಬತ್ತು ದಿನ ಏನು ಬೇಕಾದ್ರೂ ಮಾಡ್ಕೋ. ಆದ್ರೆ ಸಾಯೋದು ನನ್ನ ಮನೇಲಿ. ತೆಪ್ಪದ ಮೇಲೆ ನಾನು ಹೋಗಲ್ಲ. ಹೆಣ ಹೊತ್ತು ಈಚೆ ದಡದ ಸ್ಮಶಾನಕ್ಕೆ ಬರೋವಾಗ ತೆಪ್ಪ ಮಗುಚಿ, ಊರಿಗೆಲ್ಲ ಹೆರಿಗೆ ಮಾಡಿಸಿದ ಮುದುಕಿ ನೀರಲ್ಲಿ ತೇಲ್ಕೊಂಡು ಹೋದ್ರೆ ಜನ ಯಾರಿಗೆ ಉಗೀತಾರೆ? ಸೇತುವೆ ಕಟ್ಟು. ನಡ್ಕೊಂಡು ದಾಟಿ ಹೋಗಿ, ಮಲಗ್ತೀನಿ.”

“ನನ್ನ ಅಕ್ಕ ಬಂದಿದ್ಲಾ?” ಎಂದು ಕೇಳಿದ ಬುಬೊಯ್.

“ಬಂದಿದ್ಲು. ನಾನೇ ಕಟ್ತೀನಿ ಅಂದ್ಲು.”

ಅಷ್ಟು ಸಾಕಾಯಿತು. ಚುನಾವಣೆಗೆ ಮುಂಚಿನ ಕಾಮಗಾರಿ ನಿಷೇಧ ಮಾರ್ಚ್ ಕೊನೆಗೆ ಬರಲಿತ್ತು. ಮೂರು ಉದ್ಘಾಟನೆಗಳಿಗೂ ಬಗ್ಗದಿದ್ದ ಕೆಲಸ ಏಳು ವಾರದಲ್ಲಿ ನಡೆಯಿತು. ಊರಿನ ಕಡೆಯಿಂದ ಬುಬೊಯ್ ಪುರಸಭೆಯ ಸಿಮೆಂಟಿನಲ್ಲಿ ಶುರುಮಾಡಿದ. ಕೇರಿಯ ಕಡೆಯಿಂದ ಪೆರ್ಲಿತಾ ಪ್ರಾಂತ್ಯದ ಸಿಮೆಂಟಿನಲ್ಲಿ. ಇಬ್ಬರ ಗುತ್ತಿಗೆದಾರರೂ ಒಬ್ಬರೊಂದಿಗೊಬ್ಬರು ಮಾತಾಡಕೂಡದೆಂದು ಕಟ್ಟಪ್ಪಣೆಯಾಗಿತ್ತು. ನಟ್ಟನಡುವೆ ಬಂದು ಸೇರಿದಾಗ ಪೆರ್ಲಿತಾಳ ಅರ್ಧ ಬುಬೊಯ್‌ನ ಅರ್ಧಕ್ಕಿಂತ ಒಂದು ಗೇಣು ಎತ್ತರವಿತ್ತು. ತಗ್ಗಿಸಲು ಆಕೆ ಒಪ್ಪಲಿಲ್ಲ, ಏರಿಸಲು ಅವನು ಒಪ್ಪಲಿಲ್ಲ. ಕೊನೆಗೆ ಕೇರಿಯ ಮೇಸ್ತ್ರಿಯೊಬ್ಬ ಉಳಿದ ಸಿಮೆಂಟು ಬಳಿದು ಅಲ್ಲಿ ಒಂದು ಇಳಿಜಾರು ಮಾಡಿಬಿಟ್ಟ. ಅದು ಯಾರ ಹೆಸರಿನಲ್ಲೂ ಇರಲಿಲ್ಲ.

ಅಷ್ಟೂ ದಿನ ಅಜ್ಜಿ ಊರೊಳಗೆ ತಂಗಿಯ ಮಗಳ ಮನೆಯಲ್ಲಿದ್ದಳು. ಉದ್ಘಾಟನೆಯ ಬೆಳಿಗ್ಗೆ ಎರಡು ತುದಿಗೆ ಎರಡು ರಿಬ್ಬನ್, ಎರಡು ಬ್ಯಾಂಡು, ಎರಡು ಪಾದ್ರಿ. ಬುಬೊಯ್ ಕತ್ತರಿಸಿದ ರಿಬ್ಬನ್ ದಾಟಿ, ಪ್ಲಾಸಿದೊನ ತೋಳು ಹಿಡಿದು ಅಜ್ಜಿ ಸೇತುವೆಯ ಮೇಲೆ ನಡೆದಳು. ಇಳಿಜಾರಿನ ಹತ್ತಿರ ನಿಂತು ಕೆಳಗೆ ನೀರು ನೋಡಿದಳು. ಎರಡೂ ಬ್ಯಾಂಡು ಬೇರೆ ಬೇರೆ ಹಾಡು ಬಾರಿಸುತ್ತಿದ್ದವು. ಪ್ಲಾಸಿದೊ ಅವಳ ಮುಖ ನೋಡಿದ. ಅವಳು ಅವನ ಕೈಯನ್ನು ಒಮ್ಮೆ ಒತ್ತಿದಳು, ಅಷ್ಟೇ. ಅವನ ಕಣ್ಣಿಂದ ಬಂದ ನೀರು ಆ ದಿನ ಅರ್ಧ ಕೆನ್ನೆಗೆ ನಿಲ್ಲಲಿಲ್ಲ.

ಅಜ್ಜಿ ಮನೆ ಸೇರಿ ಮಲಗಿದಳು. ಊರು ಕಾಯಿತು.

ಬುಬೊಯ್ ದಿನಾ ಒಂದು ಹುರಿದ ಹಂದಿಕಾಲು ಕಳಿಸತೊಡಗಿದ. ಆದಷ್ಟು ಕೊಬ್ಬಿರುವುದನ್ನೇ ನೋಡಿ ಕಳಿಸುತ್ತಿದ್ದ. ಪೆರ್ಲಿತಾ ಕಿತ್ತಳೆ ರೇಷ್ಮೆಯ ಶವಪೆಟ್ಟಿಗೆಯನ್ನೇ ಕಳಿಸಿದಳು, ‘ಮುಂಚೆಯೇ ನೋಡಿ ಖುಷಿಪಡಲಿ’ ಎಂಬ ಚೀಟಿಯ ಜೊತೆ. ಹಂದಿಕಾಲನ್ನು ಅಜ್ಜಿ ಕೇರಿಗೆ ಹಂಚಿ ಚರ್ಮದ ಗರಿಗರಿ ಭಾಗ ಮಾತ್ರ ತಾನು ತಿಂದಳು. ಪೆಟ್ಟಿಗೆಗೆ ಅಕ್ಕಿ ತುಂಬಿಸಿದಳು; ಇಲಿ ಹೋಗದಂಥ ಮುಚ್ಚಳ ಅವಳ ಮನೆಗೆ ಬಂದದ್ದು ಅದೇ ಮೊದಲು. ಏಪ್ರಿಲ್ ಎರಡನೆಯ ವಾರದಲ್ಲಿ ಕೆಮ್ಮು ಪೂರ್ತಿ ನಿಂತಿತು. ಮೂರನೆಯ ವಾರದಲ್ಲಿ ಅವಳು ಅಂಗಳ ಗುಡಿಸುತ್ತಿರುವುದನ್ನು ಯಾರೋ ಕಂಡರು. ಆ ಸುದ್ದಿ ಪುರಭವನಕ್ಕೆ ಹೋಯಿತು.

ಬುಬೊಯ್ ಪ್ಲಾಸಿದೊನನ್ನು ಕರೆಸಿದ. ಕೋಣೆಯಲ್ಲಿ ಆ ಫ್ಲೆಕ್ಸ್ ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿದ್ದರು.

“ಏನಯ್ಯಾ ಇದು? ಮಾತು ಅಂದ್ರೆ ಮಾತಲ್ವಾ? ಸೇತುವೆ ದಾಟಿ ಹೋಗಿ ಮಲಗ್ತೀನಿ ಅಂದಿದ್ಲು.”

“ಮಲಗಿದ್ರು ಸಾರ್. ಎದ್ರು.”

“ತಮಾಷೆ ಮಾಡ್ತೀಯಾ? ನಾನು ಬಾಣಸಿಗರಿಗೆ ಹೇಳಿಟ್ಟಿದ್ದೀನಿ, ಹನ್ನೆರಡು ಹಂದಿ ಕಟ್ಟಿಸಿದ್ದೀನಿ. ಹೋಗಿ ಅವಳ ಹತ್ರ ಮಾತಾಡು. ಪೂರ್ತಿ ಬೇಡ, ಕೊನೇಪಕ್ಷ ಹಾಸಿಗೆ ಹಿಡಿದ ಹಾಗಾದ್ರೂ ಮಾಡ್ಲಿ. ಪಾದ್ರಿ ಕೈಲಿ ಸಾಯೋರಿಗೆ ಹಚ್ಚೋ ಎಣ್ಣೆ ಹಚ್ಚಿಸೋಣ, ಜನ ಬಂದು ನೋಡ್ಕೊಂಡು ಹೋಗ್ಲಿ. ನೀನು ಪಕ್ಕದಲ್ಲಿ ನಿಂತು ಅಳು. ನಿಂಗೇನು ಅದು ಹೊಸದಾ?”

ಪ್ಲಾಸಿದೊಗೆ ಅಂಥ ಧೈರ್ಯವೇನೂ ಇರಲಿಲ್ಲ. ಆದರೆ ಎಷ್ಟು ಹುಡುಕಿದರೂ ‘ಆಗಲಿ ಸಾರ್’ ಎಂಬ ಮಾತು ಬಾಯಿಗೆ ಬರಲಿಲ್ಲ.

“ಸಾರ್, ನನ್ನ ಹೆಂಡ್ತಿ ಸತ್ತಾಗ ನಾನು ಮನಸ್ಸು ಬಿಚ್ಚಿ ಅಳ್ಲಿಲ್ಲ,” ಎಂದ. “ನಿಮ್ಮ ತಂದೆಯವರು ನೋಡ್ತಾ ಇದ್ರು. ಹೇಗೆ ಕಾಣುತ್ತೋ ಅಂತ ಯೋಚನೆ ಬಂತು. ಅಮ್ಮನಿಗಾದ್ರೂ ನನ್ನಷ್ಟಕ್ಕೆ ನಾನೇ ಅಳ್ಬೇಕು ಅಂತಿದ್ದೀನಿ. ಈಗ್ಲೇ ಅಲ್ಲ.”

“ಏನ್ ಮಾತಾಡ್ತಿದ್ದೀಯ ನೀನು?”

“ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಸಾರ್.”

ಪುರಭವನದ ಮೆಟ್ಟಿಲಿಳಿಯುವಾಗ ಅವನಿಗೆ ನಾಳೆಯಿಂದ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ಒಣಮೀನು ಕೊಂಡು ಮನೆಗೆ ನಡೆದ. ಆ ವಾರವೇ ಪೆರ್ಲಿತಾಳ ಕಡೆಯವರು ಕೈಗಾಡಿ ತಂದು ಶವಪೆಟ್ಟಿಗೆ ವಾಪಸು ಕೇಳಿದರು.

“ತಗೊಂಡೋಗಿ, ಅಕ್ಕಿ ಸುರಿದು ಕೊಡ್ತೀನಿ,” ಎಂದಳು ಅಜ್ಜಿ ಚಾಪೆ ಹಾಸುತ್ತ. “ಸೇತುವೆನೂ ಅರ್ಧ ಅವಳದೇ ಅಲ್ವಾ, ಅದಕ್ಕೆ ಯಾವಾಗ ಬರ್ತೀರ?”

ಮತದಾನಕ್ಕೆ ಐದು ದಿನ ಇರುವಾಗ ದೋನ್ ಎವಾರಿಸ್ತೊಗೆ ಕಿವಿ ಬಂತು. ಮಕ್ಕಳಿಬ್ಬರನ್ನೂ ಊಟಕ್ಕೆ ಕರೆದರು. ಊಟ ಮುಗಿಯುವ ಹೊತ್ತಿಗೆ ಪೆರ್ಲಿತಾ ಕಣದಿಂದ ಹಿಂದೆ ಸರಿದಿದ್ದಳು. ಮೂರು ವರ್ಷದ ನಂತರ ಸಂಸತ್ತಿನ ಸೀಟು ಅವಳದು, ಅಲ್ಲಿಯವರೆಗೆ ಪುರಸಭೆಯ ಕಾಮಗಾರಿಗಳೆಲ್ಲ ಅವಳ ಗಂಡನದು. ಚೌಕದ ವೇದಿಕೆಯ ಮೇಲೆ ಅಕ್ಕತಮ್ಮ ತಬ್ಬಿಕೊಂಡರು. ಅವರಿಗಾಗಿ ಹೊಡೆದಾಡಿ ಹಲ್ಲು ಕಳೆದುಕೊಂಡ ಹಸಿರಂಗಿಯವರೂ ಕಿತ್ತಳೆಯಂಗಿಯವರೂ ಕೆಳಗೆ ನಿಂತು, ಈಗ ಯಾರ ಮುಖ ನೋಡಬೇಕೆಂದು ತಿಳಿಯದೆ ಚಪ್ಪಾಳೆ ತಟ್ಟಿದರು. ಬುಬೊಯ್ ಗೆದ್ದ. ಪೆರ್ಲಿತಾಳ ಹೆಸರು ಮತಪತ್ರದಲ್ಲಿ ಹಾಗೆಯೇ ಉಳಿದಿತ್ತು. ಆಕೆ ಹಿಂದೆ ಸರಿದದ್ದನ್ನು ಯಾರೂ ತಿಳಿಸದೆ ಹೋದ ಎಂಟುನೂರು ಜನ ಅವಳಿಗೇ ಮತ ಹಾಕಿದ್ದರು. ಇಬಾಯೊದವರ ಮತವೂ ಬಹುಪಾಲು ಬುಬೊಯ್‌ಗೇ ಬಿತ್ತು. “ಮತ್ಯಾರಿದ್ರು?” ಎಂದರು ಅವರು.

ಪ್ಲಾಸಿದೊ ಪಾದ್ರಿಯ ಹತ್ತಿರ ಮಾತಾಡಿ, ಸ್ಮಶಾನದ ಗೋರಿಗಳಿಗೆ ಸುಣ್ಣ ಬಳಿದು ಕಳೆ ಕೀಳುವ ಕೆಲಸಕ್ಕೆ ಸೇರಿದ. ಅಲ್ಲಿರುವ ಬಹಳಷ್ಟು ಜನ ಅವನಿಗೆ ಪರಿಚಯದವರು. ಯಾರ ಪರವಾಗಿಯೂ ಏನೂ ಹೇಳಬೇಕಾಗಿರಲಿಲ್ಲ.

ಪಾನ್ಯಾಂಗಜ್ಜಿ ಆಗಸ್ಟ್‌ನಲ್ಲಿ, ಒಂದು ಮಧ್ಯಾಹ್ನ ಅಂಟಕ್ಕಿಯ ತಿಂಡಿ ತಿಂದು, ಸ್ವಲ್ಪ ಒರಗಿಕೊಳ್ತೀನಿ ಎಂದವಳು ಏಳಲಿಲ್ಲ. ಯಾರಿಗೂ ಬೇಕಿಲ್ಲದ ತಿಂಗಳು. ಪುರಭವನದಿಂದ ಒಂದು ಹೂವೂ ಬರಲಿಲ್ಲ. ಜನ ಮಾತ್ರ ಬಂದರು. ಕೊಡೆ ಹಿಡಿದು, ಕೈಯಲ್ಲಿ ಮೊಟ್ಟೆಯೋ ಬನ್ನೋ ಕಾಫಿಪುಡಿಯೋ ತಂದು, ಸೇತುವೆಯ ನಡುವಿನ ಇಳಿಜಾರಿನಲ್ಲಿ ಹುಷಾರಾಗಿ ಹೆಜ್ಜೆಯಿಡುತ್ತ ನಾಲ್ಕು ದಿನ ಬರುತ್ತಲೇ ಇದ್ದರು. ತಾನು ಹುಟ್ಟಿದ್ದು ಹೇಗೆಂದು ಅಜ್ಜಿ ಹೇಳಿದ್ದ ಕಥೆಯನ್ನು ಒಬ್ಬೊಬ್ಬರೂ ಹೇಳಿದರು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ಬಂದವರು, ನೀಲಿ ತಿರುಗಿದವರು, ಎತ್ತಿನ ಗಾಡಿಯಲ್ಲಿ ಹುಟ್ಟಿದವರು. ಪ್ಲಾಸಿದೊ ಕಾಫಿ ಕೊಡುತ್ತ, ನಡುನಡುವೆ ಹಿತ್ತಲಿಗೆ ಹೋಗಿ, ಮೂಗು ಸುರಿಸಿಕೊಂಡು, ದೊಡ್ಡ ಸದ್ದು ಮಾಡಿ, ಕೆಟ್ಟದಾಗಿ ಅತ್ತ.

ಮೂರನೆಯ ದಿನ ಮಧ್ಯಾಹ್ನ ದೋನ್ ಎವಾರಿಸ್ತೊ ಬಂದರು. ಕಾರು ಸೇತುವೆಗೆ ಬರುವಂತಿರಲಿಲ್ಲ. ಕೋಲೂರಿಕೊಂಡು ಒಬ್ಬರೇ ನಡೆದು ಬಂದಿದ್ದರು, ಬೂಟೆಲ್ಲ ಕೆಸರು. ಹಿಂದೆ ಯಾರೂ ಇರಲಿಲ್ಲ, ಕೈಯಲ್ಲಿ ಏನೂ ಇರಲಿಲ್ಲ. ಅಭ್ಯಾಸಬಲದಿಂದ ಪೆಟ್ಟಿಗೆಯ ತಲೆಯ ಕಡೆ ಹೋಗಿ ನಿಂತು, ಅಲ್ಲಿ ಏನು ಮಾಡಬೇಕೆಂದು ತಿಳಿಯದೆ ಬಂದು ಬೆಂಚಿನ ಮೇಲೆ ಕೂತರು. ಪ್ಲಾಸಿದೊ ಕಾಫಿ ಕೊಟ್ಟ.

“ಎಷ್ಟು ಜನ ಪ್ಲಾಸಿದೊ,” ಎಂದರು ಮುದುಕರು. “ಯಾರು ಕಳಿಸಿದ್ದು ಇವರನ್ನೆಲ್ಲ?”

“ಯಾರೂ ಕಳಿಸಿಲ್ಲ ಸಾರ್.”

ದೋನ್ ಎವಾರಿಸ್ತೊ ಕಾಫಿಯನ್ನು ಸಾಸರಿಗೆ ಬಗ್ಗಿಸಿಕೊಂಡು ಕುಡಿದರು. “ನಾನು ಹೋದಾಗ ನನ್ನ ಮಕ್ಕಳು ಬಂದು ಕೂರ್ತಾರೆ ಅಂತೀಯಾ?”

ಪ್ಲಾಸಿದೊ ಯೋಚಿಸಿದ. “ಯಾರನ್ನಾದ್ರೂ ಕಳಿಸ್ತಾರೆ ಸಾರ್,” ಎಂದ.

ಮುದುಕರು ತಲೆಯಾಡಿಸಿ, ಇನ್ನೊಂದು ಬಿಸ್ಕತ್ತು ಕೇಳಿದರು. ಹೆಣ ಕಾಯುವಾಗಿನ ಪದ್ಧತಿಯಂತೆ ಅಂಗಳದ ಮಾಡಿನ ಕೆಳಗೆ ಇಸ್ಪೀಟು ಆಡುತ್ತಿದ್ದ ಮೂವರು ಹೆಂಗಸರಿಗೆ ನಾಲ್ಕನೆಯವರೊಬ್ಬರು ಬೇಕಾಗಿತ್ತು. “ಸುಮ್ನೆ ಕೂತಿದ್ದೀರಲ್ಲಾ ತಾತ, ಬನ್ನಿ,” ಎಂದು ಒಬ್ಬಳು ಕರೆದಳು. ದೋನ್ ಎವಾರಿಸ್ತೊ ಎದ್ದು ಹೋಗಿ ಕೂತರು. ಕತ್ತಲಾಗುವುದರೊಳಗೆ ಅವರು ಆರು ಆಟ ಸೋತರು. ಅವರನ್ನು ಗೆಲ್ಲಿಸಬೇಕೆಂದು ಅಲ್ಲಿ ಯಾರಿಗೂ ಅನ್ನಿಸಲಿಲ್ಲ.